ನಾಯಿ–ಬೆಕ್ಕಿನ ರಾಜಿಗೆ ಒಂದು ತಿಂಗಳು ಬೇಕು

ಯಲಹಂಕದಿಂದ ರಾಜಾನುಕುಂಟೆ ಕಡೆಗೆ ಹೋಗುವಾಗ ಸಿಗುವ ಹಳ್ಳಿ ನಮ್ಮದು. ಎರಡೂವರೆ ಎಕರೆ ಖುಷ್ಕಿ ಜಮೀನು. ರಾಗಿ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ. ಎಂಟು ಕುರಿ, ಒಂದಷ್ಟು ನಾಟಿ ಕೋಳಿ. ಅಕ್ಕಪಕ್ಕದ ಹೊಲಗಳೆಲ್ಲ ಸೈಟುಗಳಾಗಿ, ನಡುವೆ ನಮ್ಮದೊಂದೇ ಹೊಲ ಉಳಿದಿದೆ. ಸುತ್ತಲಿನ ಇಲಿ, ಹೆಗ್ಗಣಕ್ಕೆಲ್ಲ ಈಗ ನಮ್ಮನೆ ರಾಗಿಯೇ ಗತಿ. ಲೇಔಟಿನ ಬೀದಿನಾಯಿಗಳಿಗೆ ನಮ್ಮ ಕುರಿಮರಿ ಮೇಲೆ ಕಣ್ಣು. ಹಾಗಾಗಿ ನಮಗೆ ನಾಯಿಯೂ ಬೇಕು, ಬೆಕ್ಕೂ ಬೇಕು.

ನಮ್ಮ ತಂದೆಯವರ ಕಾಲದಲ್ಲಿ ರಾಗಿಯನ್ನು ಹಗೇವಿನಲ್ಲಿ ಇಡುತ್ತಿದ್ದರು. ಬಾಯಿ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಇಲಿ ಭಯ ಇರಲಿಲ್ಲ. ಹಗೇವು ಮುಚ್ಚಿ ಚೀಲಕ್ಕೆ ಬಂದಮೇಲೆ ಬೆಕ್ಕಿಲ್ಲದೆ ಆಗೋದಿಲ್ಲ. ಪಾಷಾಣ ಇಡೋಣ ಅಂದರೆ, ವಿಷ ತಿಂದ ಇಲಿಯನ್ನು ನಾಯಿ, ಕೋಳಿ ತಿಂದಾವು ಅನ್ನೋ ಹೆದರಿಕೆ.

ನಾನು ಮಾಡಿದ ತಪ್ಪು

ನಮ್ಮ ಕರಿಯ ಆಗ ಮೂರು ವರ್ಷದ ನಾಟಿ ನಾಯಿ. ಕುರಿ ಕಾಯೋದರಲ್ಲಿ ಅವನಿಗೆ ಸಾಟಿ ಇಲ್ಲ. ನಾದಿನಿ ಮನೆಯಿಂದ ಒಂದು ದೊಡ್ಡ ಬೆಕ್ಕು ತಂದೆ. ತಂದ ಸಾಯಂಕಾಲವೇ ಅದನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕರಿಯನ ಮೂಗಿನ ಹತ್ತಿರ ಒಯ್ದು, "ನೋಡೋ, ಇದು ನಮ್ಮನೇದು" ಅಂದೆ. ಬೆಕ್ಕು ನನ್ನ ಎದೆ ಪರಚಿ ನೆಗೆದು ಅಂಗಳದಲ್ಲಿ ಓಡಿತು. ಕರಿಯ ಅಟ್ಟಿಸಿಕೊಂಡು ಹೋಗಿ ಹುಲ್ಲಿನ ಬಣವೆ ಹತ್ತಿರ ಅದರ ಸೊಂಟ ಹಿಡಿದುಬಿಟ್ಟ. ಬಿಡಿಸಲು ಹೋದ ನಮ್ಮ ಮನೆಯವರ ಕೈಗೂ ಹಲ್ಲು ತಗುಲಿತು. ಬೆಳಗಾಗುವ ಹೊತ್ತಿಗೆ ಬೆಕ್ಕು ಸತ್ತಿತ್ತು.

ಸಿಟ್ಟಿನಲ್ಲಿ ನಾಯಿಗೆ ಚೆನ್ನಾಗಿ ಬಾರಿಸಿದೆ. ಅದು ಎರಡನೇ ತಪ್ಪು. ಆಮೇಲೆ ಎಲ್ಲೋ ಮಿಯಾಂವ್ ಅಂದರೂ ಸಾಕು, ಕರಿಯ ಮೈ ಬಿಗಿಹಿಡಿದು ಗುರ್ ಅನ್ನತೊಡಗಿದ. ಬೆಕ್ಕು ಅಂದರೆ ಏಟು ಅಂತ ಅವನಿಗೆ ಪಾಠ ಹೇಳಿಕೊಟ್ಟವನು ನಾನೇ.

ಆ ವರ್ಷ ಬೆಕ್ಕಿಲ್ಲದೆ ಒಂಬತ್ತು ಚೀಲ ರಾಗಿಯಲ್ಲಿ ಒಂದೂವರೆ ಚೀಲ ಇಲಿ ಪಾಲಾಯಿತು. ಬಿತ್ತನೆಗೆ ಇಟ್ಟಿದ್ದ ಅವರೆಯೂ ಹೋಯಿತು. ಮುಂಗಾರಿಗೆ ಬೀಜ ಕೊಂಡು ತರಬೇಕಾಯಿತು. ಹೊಲದಲ್ಲಿ ಬೆಳೆದವನು ಬೀಜಕ್ಕೆ ಅಂಗಡಿಗೆ ಹೋಗೋದು ಎಂಥ ಸಂಕಟ ಅಂತ ಓದುಗರಿಗೆ ಹೇಳಬೇಕಾಗಿಲ್ಲ.

ಇದು ವೈರ ಅಲ್ಲ

ನಾಯಿಗೆ ಲಸಿಕೆ ಹಾಕಿಸಲು ಹೋದಾಗ ಪಶುವೈದ್ಯರ ಹತ್ತಿರ ಇದನ್ನೆಲ್ಲ ಹೇಳಿಕೊಂಡೆ. ಅವರು ಹೇಳಿದ್ದರ ಸಾರ ಇಷ್ಟು. ನಾಯಿಗೂ ಬೆಕ್ಕಿಗೂ ಹುಟ್ಟಿನಿಂದ ಬಂದ ಹಗೆ ಅಂತ ಏನೂ ಇಲ್ಲ. ಓಡುವುದನ್ನು ಅಟ್ಟುವುದು ನಾಯಿಯ ಗುಣ. ಹೆದರಿದರೆ ಓಡುವುದು ಬೆಕ್ಕಿನ ಗುಣ. ಇವೆರಡೂ ಸೇರಿದಾಗ ಬೇಟೆ ಆಗುತ್ತದೆ. ಮುಧೋಳದ ನಾಯಿಯಂತೆ ಮೊಲವನ್ನು ಕಣ್ಣಲ್ಲೇ ಗುರುತಿಸಿ ಅಟ್ಟುವ ತಳಿಗಳಲ್ಲಿ ಈ ಗುಣ ಇನ್ನೂ ಜಾಸ್ತಿ. ಅಂಥ ನಾಯಿ ಇರೋ ಮನೆಯಲ್ಲಿ ಹೆಚ್ಚು ಹುಷಾರಾಗಿರಬೇಕು.

ಇನ್ನೊಂದು ಅಡ್ಡಿ ಅಂದರೆ ಇವೆರಡರ ಭಾಷೆ ಬೇರೆ. ನಾಯಿ ಮೈ ಸಡಿಲ ಬಿಟ್ಟು ಬಾಲ ಅಲ್ಲಾಡಿಸಿದರೆ ಸಾಮಾನ್ಯವಾಗಿ ಅದು ಸಂತೋಷ. ಬೆಕ್ಕು ಬಾಲವನ್ನು ಪಟಪಟ ಬಡಿದರೆ ಅದಕ್ಕೆ ಸಿಟ್ಟು ಬಂದಿದೆ ಅಂತ ಅರ್ಥ. ಮುಂಗಾಲು ಚಾಚಿ ಎದೆ ಬಗ್ಗಿಸಿ ನಾಯಿ ಆಟಕ್ಕೆ ಕರೆದರೆ, ಬೆಕ್ಕಿಗೆ ಅದು ಮೇಲೆ ಬೀಳೋ ಹೊಂಚಿನಂತೆ ಕಾಣುತ್ತದೆ.

ಅಂದರೆ ಮಾಡಬೇಕಾದ್ದು ಒಂದೇ. ಬೆಕ್ಕಿಗೆ ಓಡುವ ಅಗತ್ಯ ಬರಬಾರದು, ನಾಯಿಗೆ ಅಟ್ಟುವ ಅವಕಾಶ ಸಿಗಬಾರದು. ಅಷ್ಟರಲ್ಲಿ ಒಂದಕ್ಕೊಂದು ರೂಢಿಯಾಗಬೇಕು.

ಎರಡನೇ ಸಲ ಹೀಗೆ ಮಾಡಿದೆ

ಮುಂದಿನ ವರ್ಷ ಸುಗ್ಗಿ ಮುಗಿದ ಮೇಲೆ ಮೂರು ತಿಂಗಳ ಒಂದು ಹೆಣ್ಣುಮರಿ ತಂದೆವು. ಮೊಮ್ಮಗ ಸುಬ್ಬಿ ಅಂತ ಹೆಸರಿಟ್ಟ.

ಮೊದಲ ವಾರ: ಸುಬ್ಬಿಯನ್ನು ರಾಗಿ ಕೋಣೆಯಲ್ಲೇ ಬಿಟ್ಟು ಬಾಗಿಲು ಹಾಕಿದೆವು. ಊಟ, ನೀರು ಅಲ್ಲೇ. ಹಳೇ ಬಾಂಡ್ಲಿಯಲ್ಲಿ ಮರಳು ಹಾಕಿ ಮೂಲೆಯಲ್ಲಿಟ್ಟರೆ ಗಲೀಜು ಅದರಲ್ಲೇ ಮಾಡುತ್ತದೆ. ಅದು ಮಲಗಿದ ಗೋಣಿತಾಟನ್ನು ದಿನಾ ಕರಿಯನ ತಟ್ಟೆ ಕೆಳಗೆ ಹಾಕಿದೆ. ಕರಿಯನದನ್ನು ಕೋಣೆಗೆ ಹಾಕಿದೆ. ಮುಖ ನೋಡುವ ಮೊದಲೇ ವಾಸನೆಯ ಪರಿಚಯ ಆಗಲಿ ಅಂತ. ಮೊದಲೆರಡು ದಿನ ಕರಿಯ ಗೋಣಿ ಮೂಸಿ ಗುರುಗುಟ್ಟಿದ. ಐದನೇ ದಿನ ಅದರ ಮೇಲೇ ನಿಂತು ಮುದ್ದೆ ತಿಂದ.

ಎರಡನೇ ವಾರ: ಬಾಗಿಲು ತೆಗೆದು ಅಡ್ಡಲಾಗಿ ಬಿದಿರ ತಡಿಕೆ ಕಟ್ಟಿದೆ. ಅತ್ತ ಸುಬ್ಬಿಗೆ ಒಣಮೀನು ಕಲಸಿದ ಅನ್ನ, ಇತ್ತ ಹತ್ತಡಿ ದೂರದಲ್ಲಿ ಕರಿಯನ ತಟ್ಟೆ. ಹಗ್ಗ ನನ್ನ ಕೈಯಲ್ಲಿ. ದಿನಾ ಒಂದಡಿಯಂತೆ ತಟ್ಟೆ ಹತ್ತಿರ ತಂದೆ. ಎರಡರಲ್ಲಿ ಯಾವುದೇ ಒಂದು ತಿನ್ನೋದು ನಿಲ್ಲಿಸಿ ದುರುಗುಟ್ಟಿ ನೋಡಿದರೆ ಅವಸರ ಆಯಿತು ಅಂತ ಲೆಕ್ಕ. ಮಾರನೇ ದಿನ ಎರಡಡಿ ಹಿಂದಕ್ಕೆ.

ಮೂರನೇ ವಾರ: ಬೆಳಿಗ್ಗೆ ಕುರಿ ಜೊತೆ ಸುತ್ತಿಸಿ ದಣಿಸಿ, ಹೊಟ್ಟೆ ತುಂಬಾ ಹಾಕಿ, ಕರಿಯನನ್ನು ಕಂಬಕ್ಕೆ ಕಟ್ಟಿದ ಮೇಲೆ ತಡಿಕೆ ತೆಗೆದೆ. ಸುಬ್ಬಿಯನ್ನು ನಾವಾಗಿ ಎತ್ತಿಕೊಂಡು ಹೋಗಲಿಲ್ಲ, ಅದೇ ಬರಲಿ ಅಂತ ಬಿಟ್ಟೆವು. ಮೊದಲ ದಿನ ಐದೇ ನಿಮಿಷ. ಕರಿಯ ಬೆಕ್ಕಿನಿಂದ ಕಣ್ಣು ತೆಗೆದು ನನ್ನ ಕಡೆ ನೋಡಿದಾಗೆಲ್ಲ ಒಂದು ಚೂರು ಮುದ್ದೆ ಕೊಟ್ಟು "ಭಲೇ" ಅಂದೆ. ಬಾಯಿ ಮುಚ್ಚಿ, ಕಿವಿ ನೆಟ್ಟಗೆ ಮಾಡಿ, ಮೈ ಅಲ್ಲಾಡಿಸದೆ ದಿಟ್ಟಿಸಿದರೆ ಅಪಾಯ. ಆಗ ಬೈಯದೆ, ಹೊಡೆಯದೆ ಸುಮ್ಮನೆ ಆಚೆ ಕರೆದುಕೊಂಡು ಹೋಗಬೇಕು.

ನಾಲ್ಕನೇ ವಾರ: ಹಗ್ಗ ಕಂಬದಿಂದ ಬಿಚ್ಚಿದೆ, ಕೊರಳಿನಿಂದ ಬಿಚ್ಚಲಿಲ್ಲ. ಹಗ್ಗ ನೆಲದ ಮೇಲೆ ಎಳೆದಾಡುತ್ತಿದ್ದರೆ ಬೇಕೆಂದಾಗ ಕಾಲಿಟ್ಟು ತಡೆಯಬಹುದು. ಒಂದು ದಿನ ಕರಿಯ ತೀರಾ ಹತ್ತಿರ ಹೋದ. ಸುಬ್ಬಿ ಓಡಲಿಲ್ಲ, ಮೂಗಿಗೆ ಒಂದು ಬಿಟ್ಟಿತು. ಕರಿಯ ಮೂಗು ನೆಕ್ಕಿಕೊಂಡು ಹೋಗಿ ಮಲಗಿದ. ನಮ್ಮನೆಯಲ್ಲಿ ರಾಜಿ ಆಗಿದ್ದು ಅವತ್ತು.

ಆದರೂ ಮತ್ತೆರಡು ತಿಂಗಳು ಮನೆಯಲ್ಲಿ ಯಾರೂ ಇಲ್ಲದಾಗ ಎರಡನ್ನೂ ಒಟ್ಟಿಗೆ ಬಿಡಲಿಲ್ಲ. ಕೆಲವು ನಾಯಿಗಳಿಗೆ ಒಂದು ತಿಂಗಳು ಸಾಲದು. ಬೆಕ್ಕನ್ನು ಕೊಂದು ರೂಢಿಯಾದ ನಾಯಿ ಆದರೆ ಜೀವಮಾನವಿಡೀ ಬೇರೆ ಬೇರೆ ಇಡುವುದೇ ಸರಿ. ಕರಿಯ ಒಮ್ಮೆ ಕೊಂದವನು, ಹಾಗಾಗಿ ರಾತ್ರಿ ಹೊತ್ತು ಇಂದಿಗೂ ಅವನು ಕುರಿ ದೊಡ್ಡಿಯಲ್ಲಿ, ಅವಳು ರಾಗಿ ಕೋಣೆಯಲ್ಲಿ.

ಎರಡನ್ನೂ ಮರಿಯಾಗಿದ್ದಾಗಲೇ ತಂದರೆ ಕೆಲಸ ಹಗುರ. ನಾಯಿಮರಿ ಸುಮಾರು ಮೂರರಿಂದ ಹನ್ನೆರಡು ವಾರ, ಬೆಕ್ಕಿನ ಮರಿ ಎರಡರಿಂದ ಏಳು ವಾರದ ಒಳಗೆ ಕಂಡ ಪ್ರಾಣಿಗೆ ಬೇಗ ಹೊಂದಿಕೊಳ್ಳುತ್ತದೆ.

ಬೆಕ್ಕಿಗೆ ಎತ್ತರ ಕೊಡಿ

ಖರ್ಚಿಲ್ಲದ ಉಪಾಯ ಇದು. ನಾಯಿಗೆ ಎಟುಕದ ಜಾಗ ಇದ್ದರೆ ಬೆಕ್ಕಿಗೆ ಧೈರ್ಯ. ಧೈರ್ಯ ಇದ್ದರೆ ಓಡೋದಿಲ್ಲ. ನಾನು ಅಟ್ಟಕ್ಕೆ ಹತ್ತಲು ಗೋಡೆಗೆ ಮೂರು ಹಲಗೆ ಹೊಡೆದೆ. ರಾಗಿ ಕೋಣೆ ಬಾಗಿಲ ಬುಡದಲ್ಲಿ ಬೆಕ್ಕು ಮಾತ್ರ ನುಸುಳುವಷ್ಟು, ಐದು ಅಂಗುಲದ ಕಿಂಡಿ ಮಾಡಿದೆ. ಬೆಕ್ಕಿನ ಊಟ ಅಟ್ಟದ ಮೇಲೆ, ನಾಯಿದು ಅಂಗಳದಲ್ಲಿ. ಅರ್ಧ ಜಗಳ ತಟ್ಟೆಯಿಂದಲೇ ಹುಟ್ಟುವುದು.

ಹಸಿದರೆ ಇಲಿ ಹಿಡೀತದೆ ಅಂತ ಬೆಕ್ಕಿಗೆ ಊಟ ಹಾಕದವರಿದ್ದಾರೆ. ಹಸಿದ ಬೆಕ್ಕು ನಾಯಿ ತಟ್ಟೆಗೆ ಬಾಯಿ ಹಾಕುತ್ತದೆ, ಇಲ್ಲ ಮನೆ ಬಿಡುತ್ತದೆ. ಸುಬ್ಬಿ ಎರಡು ಹೊತ್ತು ಉಂಡೂ ಇಲಿ ಹಿಡಿಯುತ್ತಾಳೆ.

ಕಚ್ಚಾಡಿದರೆ

ಮಧ್ಯೆ ಕೈ ಹಾಕಲೇಬೇಡಿ. ಒಂದು ಬಕೆಟ್ ನೀರು ಎರಚಿ, ತಟ್ಟೆ ಬಡಿದು ಸದ್ದು ಮಾಡಿ, ಇಲ್ಲವೇ ಗೋಣಿತಾಟು ಎಸೆಯಿರಿ. ಗಾಯವಾದ ಬೆಕ್ಕಿಗೆ ಮನುಷ್ಯರ ನೋವಿನ ಮಾತ್ರೆ ಕೊಡಬಾರದು. ಪ್ಯಾರಾಸಿಟಮಾಲ್ ಒಂದು ಮಾತ್ರೆಯೇ ಬೆಕ್ಕಿನ ಜೀವ ತೆಗೆಯಬಹುದು.

ಮನುಷ್ಯರಿಗೆ ನಾಯಿ ಅಥವಾ ಬೆಕ್ಕು ಕಚ್ಚಿದರೆ, ಪರಚಿದರೆ, ಕೂಡಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ನಮ್ಮ ಮನೆಯವರ ಗಾಯಕ್ಕೆ ಅರಿಶಿನ, ಮೆಣಸಿನಪುಡಿ ಹಾಕಿ ಅಂದವರೇ ಹೆಚ್ಚು. ಹಾಕಲಿಲ್ಲ. ತೊಳೆದು ಆಸ್ಪತ್ರೆಗೆ ಹೋದೆವು. ಲಸಿಕೆ ಹಾಕಿಸಿದ ಸ್ವಂತ ನಾಯಿ ಕಚ್ಚಿದರೂ ವೈದ್ಯರಿಗೆ ತೋರಿಸಿ. ಈಗ ತೋಳಿಗೇ ಚುಚ್ಚುವುದು. ಹೊಟ್ಟೆಯ ಸುತ್ತ ಹಾಕುತ್ತಿದ್ದ ಹಳೇ ಲಸಿಕೆ 2004ರ ಕೊನೆಗೆ ನಮ್ಮ ದೇಶದಲ್ಲಿ ನಿಂತಿದೆ. ಹೇಳಿದ ದಿನಗಳಂದು ತಪ್ಪದೆ ಹಾಕಿಸಬೇಕು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧಿ ಇಲ್ಲ.

ಮರಿಗೆ ಮೂರು ತಿಂಗಳಾದಾಗ ರೇಬಿಸ್ ಲಸಿಕೆ, ಆಮೇಲೆ ವರ್ಷಕ್ಕೊಂದು ಸಲ. ನಾಯಿಗೆ ಮಾತ್ರ ಅಲ್ಲ, ಬೆಕ್ಕಿಗೂ. ನಾವು ಎರಡಕ್ಕೂ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಅಲೆದಾಟ, ಹೊರಗಿನ ಕಚ್ಚಾಟ ಕಡಿಮೆಯಾಯಿತು.

ಲೆಕ್ಕ

ತಡಿಕೆ, ಹಲಗೆ, ಮೊಳೆ ಎಲ್ಲ ಮನೆಯಲ್ಲೇ ಇದ್ದವು. ಖರ್ಚಾಗಿದ್ದು ದಿನಕ್ಕೆ ಅರ್ಧ ಗಂಟೆಯಂತೆ ಒಂದು ತಿಂಗಳ ತಾಳ್ಮೆ. ಕಳೆದ ಸುಗ್ಗಿಯ ರಾಗಿಯಲ್ಲಿ ಒಂದು ಚೀಲವೂ ತೂತಾಗಿಲ್ಲ. ಬಿತ್ತನೆ ಅವರೆ ಮಡಕೆಯಲ್ಲಿ ಹಾಗೇ ಇದೆ. ಹಗಲು ಹೊತ್ತು ಕರಿಯ ಜಗಲಿ ಕೆಳಗೆ, ಸುಬ್ಬಿ ಜಗಲಿ ಮೇಲೆ ಮಲಗಿರುತ್ತಾರೆ. ಭಾರೀ ಸ್ನೇಹವೇನಲ್ಲ. ಅವರವರ ಕೆಲಸ ಅವರು ಮಾಡುತ್ತಾರೆ, ನಮಗೆ ಅಷ್ಟು ಸಾಕು.

ಸತ್ತ ಬೆಕ್ಕು ಮಾತ್ರ ಇನ್ನೂ ನೆನಪಾಗುತ್ತದೆ. ಆ ಒಂದು ತಿಂಗಳನ್ನು ಮೊದಲೇ ಕೊಟ್ಟಿದ್ದರೆ ಅದೂ ಉಳಿಯುತ್ತಿತ್ತು, ಬೀಜವೂ ಉಳಿಯುತ್ತಿತ್ತು. ನಿಮ್ಮ ಕಡೆ ಬೇರೆ ಉಪಾಯ ಇದ್ದರೆ ಬರೆಯಿರಿ.