ಕೊನೆಯ ಮೂರಡಿಯ ಕಾವಲು

ಡಯಲ್-ಅಪ್ ಕಾಲದಲ್ಲಿ ಇಳಿಸಿಕೊಂಡ ಫೈಲು ಕೆಟ್ಟಿದ್ದರೆ ಎಲ್ಲರೂ ಬೈಯುತ್ತಿದ್ದದ್ದು ಟೆಲಿಫೋನ್ ಲೈನನ್ನು. ಕರಕರ ಸದ್ದು, ಮಳೆಗಾಲದ ತೇವ, ಕಂಬದ ಮೇಲಿನ ಹಳೇ ಜಾಯಿಂಟು, ಒಳಕೋಣೆಯಲ್ಲಿ ಪ್ಯಾರಲಲ್ ಫೋನ್ ಎತ್ತಿಬಿಟ್ಟ ಮನೆಯವರು... ದೂರುವುದಕ್ಕೆ ಕಾರಣಗಳಿಗೇನೂ ಬರವಿರಲಿಲ್ಲ. ಆದರೆ 1990ರ ದಶಕದ ನಡುವಿನ ಹೊತ್ತಿಗೆ ಲೈನಿನ ಗದ್ದಲವನ್ನು ಮೋಡೆಮ್‌ಗಳೇ ಸಂಭಾಳಿಸುತ್ತಿದ್ದವು. ಎಷ್ಟೋ ಸಲ ಅಕ್ಷರಗಳು ಕಳೆದುಹೋಗುತ್ತಿದ್ದದ್ದು ಮೇಜಿನ ಮೇಲೆ, ಮೋಡೆಮ್‌ನಿಂದ ಕಂಪ್ಯೂಟರಿಗೆ ಎಳೆದ ಮೂರಡಿ ಕೇಬಲ್ಲಿನ ತುದಿಯಲ್ಲಿ. ಯಾವ ಕಾವಲು ಎಲ್ಲಿಂದ ಎಲ್ಲಿಯ ತನಕ ಎಂದು ಅರಿತು ನಿಲ್ಲಿಸುವುದೇ ಮೋಡೆಮ್ ಹೊಂದಿಸುವ ಕಸುಬು.

ಮೊದಲ ಕಾವಲು ಸಾಫ್ಟ್‌ವೇರಿನದು. ಷಿಕಾಗೋದ ವಾರ್ಡ್ ಕ್ರಿಸ್ಟೆನ್ಸನ್ 1977ರಲ್ಲಿ ಬರೆದ ಎಕ್ಸ್‌ಮೋಡೆಮ್ ಎಂಬ ಪ್ರೊಟೊಕಾಲ್, ಫೈಲನ್ನು 128 ಬೈಟ್‌ಗಳ ತುಂಡುಗಳಾಗಿ ಕತ್ತರಿಸಿ ಕಳಿಸುತ್ತದೆ. ಪ್ರತಿ ತುಂಡಿಗೂ ಕ್ರಮಸಂಖ್ಯೆ, ಕೊನೆಯಲ್ಲಿ ಎಲ್ಲ ಬೈಟ್‌ಗಳನ್ನು ಕೂಡಿದ ಮೊತ್ತಕ್ಕೆಂದು ಒಂದು ಬೈಟು. ಆಚೆ ಕಡೆಯ ಕಂಪ್ಯೂಟರ್ ತಾನೂ ಕೂಡಿ ನೋಡುತ್ತದೆ. ತಾಳೆಯಾದರೆ 'ಆಕ್', ಇಲ್ಲದಿದ್ದರೆ 'ನ್ಯಾಕ್'. ನ್ಯಾಕ್ ಬಂದರೆ ಅದೇ ತುಂಡು ಮತ್ತೊಮ್ಮೆ. ಇಷ್ಟು ಸರಳವಾದದ್ದು ಅಷ್ಟು ವರ್ಷ ಬಾಳಿದ್ದು ನನಗಂತೂ ಬೆರಗು. ದೋಷವಿಲ್ಲ ಎಂದಲ್ಲ. ಎರಡು ಬೈಟ್‌ಗಳು ಅದಲುಬದಲಾದರೂ ಮೊತ್ತ ಬದಲಾಗದು, ತಪ್ಪು ನುಸುಳಿಹೋಗುತ್ತದೆ. ಅದಕ್ಕಾಗಿ ಆಮೇಲೆ ಬೈಟ್‌ಗಳ ಕ್ರಮವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ 16 ಬಿಟ್‌ಗಳ ತಪಾಸಣಾ ಸಂಖ್ಯೆ, ಸಿಆರ್‌ಸಿ, ಬಂತು. ಇನ್ನೊಂದು ತೊಡಕು, ಪ್ರತಿ ತುಂಡಿಗೂ ಉತ್ತರ ಕಾಯಬೇಕು. ಸೆಕೆಂಡಿಗೆ 2400 ಬಿಟ್ ವೇಗದಲ್ಲಿ ಒಂದು ತುಂಡು ಹೋಗಲು ಅರ್ಧ ಸೆಕೆಂಡಿಗೂ ಹೆಚ್ಚು ಬೇಕಾಗಿದ್ದರಿಂದ ಕಾಯುವುದು ಲೆಕ್ಕಕ್ಕೆ ಬರುತ್ತಿರಲಿಲ್ಲ. 14,400ರಲ್ಲಿ ತುಂಡು ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಹೋಗಿಬಿಡುತ್ತದೆ. ಉಳಿದ ಹೊತ್ತೆಲ್ಲ ಉತ್ತರದ ದಾರಿ ನೋಡುವುದೇ.

ಚಕ್ ಫೋರ್ಸ್‌ಬರ್ಗ್ 1986ರಲ್ಲಿ ಕೊಟ್ಟ ಝಡ್‌ಮೋಡೆಮ್ ಈ ಕಾಯುವಿಕೆಯನ್ನೇ ಕಿತ್ತುಹಾಕಿತು. ಅದು ಕಳಿಸುತ್ತಲೇ ಹೋಗುತ್ತದೆ, ತಪ್ಪು ಕಂಡಾಗ ಮಾತ್ರ ಆಚೆಯಿಂದ ಕೂಗು ಬರುತ್ತದೆ. ತಪಾಸಣೆಗೆ 32 ಬಿಟ್‌ಗಳ ಸಿಆರ್‌ಸಿ. ಲೈನು ಕಡಿದುಹೋದರೆ, ಮತ್ತೆ ಡಯಲ್ ಮಾಡಿ ಬಿಟ್ಟಲ್ಲಿಂದಲೇ ಮುಂದುವರಿಸಬಹುದು. ಅಂದಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಇಂಟರ್ನೆಟ್ ಸೇವೆ ಶುರುಮಾಡಿದ ಮೇಲೆ, ಅಕ್ಷರಗಳಷ್ಟೇ ಕಾಣುವ ಅಗ್ಗದ ಶೆಲ್ ಖಾತೆ ಪಡೆದವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. 'ಎಸ್‌ಝಡ್' ಎಂದು ಬರೆದು ಫೈಲಿನ ಹೆಸರು ಟೈಪಿಸಿದರೆ ಪರದೆಯ ಮೇಲೆ ಎರಡು ನಕ್ಷತ್ರ, ಒಂದು 'ಬಿ', ಸೊನ್ನೆಗಳ ಸಾಲು ಮೂಡಿ ಇಳಿಕೆ ತಾನಾಗಿ ಆರಂಭವಾಗುತ್ತಿತ್ತು. ರಾತ್ರಿ ದರ ಇಳಿಯುವುದನ್ನೇ ಕಾದು ಎಸ್‌ಟಿಡಿ ಹಚ್ಚುತ್ತಿದ್ದ ಊರುಗಳವರಿಗೆ 'ಬಿಟ್ಟಲ್ಲಿಂದ ಮುಂದೆ' ಎಂಬುದು ನೇರ ದುಡ್ಡಿನ ಉಳಿತಾಯ.

ಎರಡನೆಯ ಕಾವಲು ಮೋಡೆಮ್‌ನ ಒಳಗಿದೆ. 1988ರ ವಿ.42 ಮಾನದಂಡದ ಪ್ರಕಾರ ಎರಡೂ ತುದಿಯ ಮೋಡೆಮ್‌ಗಳು ತಾವು ತಾವೇ ತುಂಡು ಮಾಡಿ, ತಾಳೆ ನೋಡಿ, ಕೆಟ್ಟದ್ದನ್ನು ಮರಳಿ ತರಿಸಿಕೊಳ್ಳುತ್ತವೆ. ಕಂಪ್ಯೂಟರಿಗೆ ಸುಳಿವೂ ಸಿಗದು. ಸಂಪರ್ಕ ಕೂಡಿಕೊಂಡ ಮೇಲೆ ಪರದೆಗೆ ಬರುವ ಸಾಲನ್ನು ಓದುವುದು ಇಲ್ಲಿ ಮುಖ್ಯ. ಯುಎಸ್ ರೊಬಾಟಿಕ್ಸ್ ಮೋಡೆಮ್ 'ಕನೆಕ್ಟ್ 14400/ಎಆರ್‌ಕ್ಯೂ' ಎಂದರೆ ತಿದ್ದುವಿಕೆ ನಡೆಯುತ್ತಿದೆ; ಬರಿಯ 'ಕನೆಕ್ಟ್ 14400' ಎಂದರೆ ಕಾವಲಿಲ್ಲದ ಸಂಪರ್ಕ. ತಿದ್ದುವಿಕೆ ಸಿಗದಿದ್ದರೆ ಸಂಪರ್ಕವೇ ಬೇಡ ಎಂದೂ ಆಜ್ಞೆ ಕೊಡಬಹುದು.

ಹೇಯ್ಸ್ ಕಂಪನಿ 1981ರ ಸ್ಮಾರ್ಟ್‌ಮೋಡೆಮ್‌ನೊಂದಿಗೆ ತಂದ 'ಎಟಿ' ಆಜ್ಞೆಗಳನ್ನು ಬಹುತೇಕ ತಯಾರಕರು ಅನುಸರಿಸಿದರು, ಆದರೆ ತಮಗೆ ಬೇಕಾದಷ್ಟೇ. '&ಕೆ3' ಎಂದರೆ ರಾಕ್‌ವೆಲ್ ಚಿಪ್ಪಿನ ಮೋಡೆಮ್‌ಗಳಲ್ಲಿ ಕೇಬಲ್ಲಿನ ಹರಿವಿನ ನಿಯಂತ್ರಣ; ಯುಎಸ್ ರೊಬಾಟಿಕ್ಸ್‌ನಲ್ಲಿ ಅದು ಸಂಕುಚನಕ್ಕೆ ಸೇರಿದ್ದು. ಬೇರೆಯವರ ಆಜ್ಞಾಸಾಲನ್ನು ಕಣ್ಣುಮುಚ್ಚಿ ನಕಲು ಮಾಡಬಾರದು ಎನ್ನುವುದು ಇದಕ್ಕೇ. 'ಎಟಿ&ಎಫ್' ಕೊಟ್ಟು ಕಾರ್ಖಾನೆಯ ಸ್ಥಿತಿಗೆ ತಂದು, ಕೈಪಿಡಿ ನೋಡಿ ಒಂದೊಂದಾಗಿ ಬದಲಿಸಿ, 'ಎಟಿ&ಡಬ್ಲ್ಯೂ' ಎಂದು ಉಳಿಸಿಡುವುದೇ ಸರಿಯಾದ ಕ್ರಮ.

ಈಗ ಆ ಮೂರಡಿ. ಮೋಡೆಮ್ ದತ್ತಾಂಶವನ್ನು ಹಿಂಡಿ ಕಳಿಸುವುದರಿಂದ ಕೇಬಲ್ಲಿನ ವೇಗ ಲೈನಿನ ವೇಗಕ್ಕಿಂತ ಹೆಚ್ಚಿರಬೇಕು. 57,600 ಅಥವಾ 1,15,200ಕ್ಕೆ ಬಿಗಿದಿಡುವುದು ವಾಡಿಕೆ. 1,15,200ರಲ್ಲಿ ಒಂದು ಅಕ್ಷರ ಬರಲು ಸುಮಾರು 87 ಮೈಕ್ರೋಸೆಕೆಂಡು. ಕಂಪ್ಯೂಟರಿನ ಸೀರಿಯಲ್ ಪೋರ್ಟ್ ನಡೆಸುವ ಹಳೆಯ 8250 ಯುಎಆರ್‌ಟಿ ಚಿಪ್ಪಿನಲ್ಲಿ ಬಂದ ಅಕ್ಷರಕ್ಕೆ ಒಂದೇ ಒಂದು ಜಾಗ. ವಿಂಡೋಸ್ ಡಿಸ್ಕಿಗೆ ಏನೋ ಬರೆಯುತ್ತ ಅಷ್ಟು ಹೊತ್ತು ತಿರುಗಿ ನೋಡದಿದ್ದರೆ, ಹಿಂದಿನ ಅಕ್ಷರದ ಮೇಲೆ ಹೊಸದು ಬಂದು ಕೂರುತ್ತದೆ. ಮೋಡೆಮ್ ಮಾತ್ರ ತನ್ನ ಕೆಲಸ ಸರಿಯಾಗಿಯೇ ಮುಗಿಸಿರುತ್ತದೆ! 16550ಎ ಚಿಪ್ಪಿಗೆ 16 ಬೈಟ್‌ಗಳ ಸಾಲುಮನೆ ಇದೆ. 14 ತುಂಬಿದಾಗ ಪ್ರೊಸೆಸರಿಗೆ ಕರೆ ಎಂದು ಇಟ್ಟರೆ ಉಳಿಯುವ ಅವಕಾಶ ಎರಡೇ ಅಕ್ಷರದ್ದು. 8ಕ್ಕೇ ಕರೆದರೆ ಪ್ರೊಸೆಸರಿಗೆ ಕೆಲಸ ತುಸು ಹೆಚ್ಚು, ನೆಮ್ಮದಿ ಅದಕ್ಕಿಂತ ಹೆಚ್ಚು. ನನ್ನ ಮತ 8ಕ್ಕೆ.

'ಸಾಕು, ತಡೆ' ಎಂದು ಹೇಳುವ ಬಗೆಯೂ ಸರಿಯಿರಬೇಕು. ಎಕ್ಸಾನ್-ಎಕ್ಸಾಫ್ ಪದ್ಧತಿಯಲ್ಲಿ 17 ಮತ್ತು 19ನೇ ಸಂಖ್ಯೆಯ ಬೈಟ್‌ಗಳೇ ಈ ಸನ್ನೆ. ಜಿಪ್ ಫೈಲಿನಲ್ಲಿ ಅವೇ ಬೈಟ್‌ಗಳು ದತ್ತಾಂಶವಾಗಿಯೂ ಬರುತ್ತವೆ. 19 ಕಂಡೊಡನೆ ಹರಿವು ನಿಂತೇ ಹೋಗಬಹುದು. ಆದ್ದರಿಂದ ಕೇಬಲ್ಲಿನ ಬೇರೆ ತಂತಿಗಳಲ್ಲೇ ಸನ್ನೆ ಹೋಗುವ ಆರ್‌ಟಿಎಸ್-ಸಿಟಿಎಸ್ ಬೇಕು, ಮೋಡೆಮ್‌ನಲ್ಲೂ ಸಾಫ್ಟ್‌ವೇರಿನಲ್ಲೂ.

ಮೋಡೆಮ್ ತಿದ್ದಿಕೊಡುತ್ತದಲ್ಲ ಎಂದು ತಾನು ತಿದ್ದುವುದನ್ನೇ ಬಿಟ್ಟ ವೈಮೋಡೆಮ್-ಜಿ ಎಂಬ ಪ್ರೊಟೊಕಾಲ್ ಸೋಲುತ್ತಿದ್ದದ್ದೂ ಇಲ್ಲೇ. ಈ ಮೂರಡಿಯಲ್ಲಿ ಒಂದು ಅಕ್ಷರ ಹೋದರೆ ಇಡೀ ಫೈಲು ರದ್ದು. ನಡುದಾರಿಯ ಕಾವಲು ಎಷ್ಟೇ ಗಟ್ಟಿಯಿದ್ದರೂ ಕೊನೆಯ ತಾಳೆ ಎರಡು ತುದಿಗಳಲ್ಲೇ ಆಗಬೇಕು ಎಂದು ಕಂಪ್ಯೂಟರ್ ವಿಜ್ಞಾನಿಗಳಾದ ಸಾಲ್ಟ್ಜರ್, ರೀಡ್, ಕ್ಲಾರ್ಕ್ 1984ರ ಪ್ರಬಂಧದಲ್ಲಿ ವಾದಿಸಿದ್ದು ಫೈಲ್ ವರ್ಗಾವಣೆಯನ್ನೇ ಉದಾಹರಣೆಯಾಗಿಟ್ಟುಕೊಂಡು.

ಇನ್ನುಳಿದದ್ದು ಲೈನಿಗೆ ತಕ್ಕ ವಿವೇಕ. 28,800ರಲ್ಲಿ ಮತ್ತೆ ಮತ್ತೆ ತಡವರಿಸುವ ಲೈನನ್ನು 14,400ಕ್ಕೆ ಇಳಿಸಿದರೆ ಫೈಲು ಬೇಗ ಬರುವುದುಂಟು. ಕ್ಷಣಕಾಲ ಸದ್ದಡಗಿದರೆ ಫೋನ್ ಇಟ್ಟುಬಿಡದಂತೆ ಮೋಡೆಮ್‌ನ ಎಸ್10 ರಿಜಿಸ್ಟರಿನ ಅಂಕಿ ಏರಿಸಬೇಕು; 50 ಎಂದರೆ ಐದು ಸೆಕೆಂಡಿನ ತಾಳ್ಮೆ. ಮೊದಲೇ ಜಿಪ್ ಆದ ಫೈಲನ್ನು ಎಂಎನ್‌ಪಿ-5 ಎಂಬ ಸಂಕುಚನ ಪದ್ಧತಿ ಮತ್ತೆ ಹಿಂಡಲು ಹೋಗಿ ಉಬ್ಬಿಸುತ್ತದೆ, ಅದನ್ನು ನಿಲ್ಲಿಸಿಬಿಡಿ. ಕರೆ ಮುಗಿದ ಮೇಲೆ ಯುಎಸ್ ರೊಬಾಟಿಕ್ಸ್ ಮೋಡೆಮ್‌ಗೆ 'ಎಟಿಐ6' ಎಂದು ಕೇಳಿದರೆ ಎಷ್ಟು ತುಂಡು ಕೆಟ್ಟವು, ಎಷ್ಟು ಸಲ ಮತ್ತೆ ಹದ ಹಿಡಿಯಬೇಕಾಯಿತು ಎಂಬ ವರದಿ ಸಿಗುತ್ತದೆ. ಕಸುಬುದಾರರು ಅದನ್ನು ಓದದೆ ಏಳುತ್ತಿರಲಿಲ್ಲ.

ಈ ವಿದ್ಯೆ ಪೂರ್ತಿ ಮೂಲೆಗೆ ಬಿದ್ದಿಲ್ಲ. ಸಣ್ಣ ಬೋರ್ಡುಗಳನ್ನೂ ರೂಟರುಗಳನ್ನೂ ಎಬ್ಬಿಸುವ ಯು-ಬೂಟ್ ತಂತ್ರಾಂಶದಲ್ಲಿ ಸೀರಿಯಲ್ ಕೇಬಲ್ ಮೂಲಕ ಫೈಲ್ ತುಂಬಿಸಲು ಎಕ್ಸ್‌ಮೋಡೆಮ್, ವೈಮೋಡೆಮ್ ಮತ್ತು ಅದೇ ಬಗೆಯ ಕರ್ಮಿಟ್‌ನ ಆಜ್ಞೆಗಳು ಇಂದಿಗೂ ಇವೆ.