ಸೋಮವಾರದ ಜಳಕ ಮತ್ತು ಮೂರ್ಛೆ

ಕೆಲವು ವರ್ಷಗಳ ಹಿಂದಿನ ಮಾತು. ಎಂಟನೆಯ ತರಗತಿಯ ಹುಡುಗನೊಬ್ಬ ಮೇಲಿಂದ ಮೇಲೆ ಸೋಮವಾರ ಶಾಲೆ ತಪ್ಪಿಸುತ್ತಿದ್ದ. ಬಂದ ದಿನವೂ ಮಂಕಾಗಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ. ಉಳಿದ ದಿನಗಳಲ್ಲಿ ಲೆಕ್ಕದಲ್ಲಿ ಅವನೇ ಮುಂದು. ರಜೆಯ ಮರುದಿನದ ಸೋಮಾರಿತನವೆಂದು ತಿಳಿದು ನಾನು ಎರಡು ಸಲ ಗದರಿಸಿದೆ. ಮೂರನೆಯ ಸಲ ಅವನ ತಾಯಿಯೇ ಶಾಲೆಗೆ ಬಂದರು.

“ಸರ್, ಹುಡುಗನ್ನ ಬೈಬ್ಯಾಡ್ರಿ. ಜಳಕಾ ಮಾಡಾಕ ಹೋದ್ರ ಕಣ್ಣ ಮ್ಯಾಲ ಮಾಡಿ ಬೀಳತಾನ್ರಿ. ನಮ್ಮ ಬಚ್ಚಲದಾಗ ಏನೋ ಐತಿ ಅಂತಾರ್ರಿ ಮಂದಿ” ಎಂದರು.

ಎಂ.ಕೆ. ಹುಬ್ಬಳ್ಳಿಯವರಿಗೆ ಮಲಪ್ರಭಾ ಹೊಳೆ ಹತ್ತಿರ. ಹುಡುಗನನ್ನು ಹೊಳೆಗೆ ಕರೆದೊಯ್ದು ಜಳಕ ಮಾಡಿಸಿದರೆ ಏನೂ ಆಗುತ್ತಿರಲಿಲ್ಲವಂತೆ. ಮನೆಯ ಬಚ್ಚಲಲ್ಲಿ ಮಾತ್ರ ಬೀಳುತ್ತಿದ್ದನಂತೆ. ಮನೆಯವರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಬಚ್ಚಲ ಬಾಗಿಲಿಗೆ ನಿಂಬೆಹಣ್ಣು ಕಟ್ಟಿದ್ದರು, ಹುಡುಗನ ತೋಳಿಗೆ ತಾಯತ ಕಟ್ಟಿದ್ದರು.

ಪ್ರಯೋಗ ಮಾಡುವಾಗ ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಬೇಕು ಎಂದು ನಾವು ವಿಜ್ಞಾನದ ಪಾಠದಲ್ಲಿ ಹೇಳುತ್ತೇವೆ. ಇಲ್ಲಿ ಎರಡು ಬದಲಾಗಿದ್ದವು. ಜಾಗವೂ ಬೇರೆ, ನೀರೂ ಬೇರೆ. ಹೊಳೆಯದು ತಣ್ಣೀರು, ಹಂಡೆಯದು ಹಬೆಯಾಡುವ ಬಿಸಿನೀರು. “ಅಲ್ಲ ತಂಗೆವ್ವಾ, ಮಂಗಳವಾರ ಬುಧವಾರ ಅದೇ ಬಚ್ಚಲದಾಗ ಜಳಕಾ ಮಾಡತಾನಲ್ಲ, ಅವತ್ತೇನಾಗತೈತಿ?” ಎಂದು ಕೇಳಿದೆ. “ಅವತ್ತೇನೂ ಆಗೂದಿಲ್ರಿ. ಆ ದಿನ ಮೈಗಷ್ಟ ಹಾಕೋತಾನ. ತಲಿಗೆ ಸೋಮಾರ ಅಷ್ಟರಿ” ಎಂದರು. ಬಚ್ಚಲು ಅದೇ, ಹಂಡೆ ಅದೇ. ತಲೆಯ ಮೇಲೆ ಬಿಸಿನೀರು ಬಿದ್ದ ದಿನ ಮಾತ್ರ ಮೂರ್ಛೆ! ನಾನು ವೈದ್ಯನಲ್ಲ. ಇದಿಷ್ಟನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟು, ಧಾರವಾಡಕ್ಕೆ ಹೋಗಿ ನರರೋಗ ತಜ್ಞರಿಗೆ ತೋರಿಸಲು ಹೇಳಿದೆ. ಅವರು ಹಾಳೆ ಓದಿದ ಕೂಡಲೇ ಗುರುತು ಹಿಡಿದರಂತೆ.

ನಮ್ಮ ನಾಡಿನಲ್ಲೇ ಹೆಚ್ಚು

ಇದಕ್ಕೆ ಬಿಸಿನೀರಿನ ಅಪಸ್ಮಾರ ಎಂದು ಹೆಸರು. ಜಗತ್ತಿನಲ್ಲಿ ಅಪರೂಪವಾದ ಈ ತೊಂದರೆ ದಕ್ಷಿಣ ಭಾರತದಲ್ಲಿ, ಅದರಲ್ಲೂ ಕರ್ನಾಟಕದಲ್ಲಿ, ಹೆಚ್ಚಾಗಿ ಕಂಡುಬಂದಿದೆ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1974ರಲ್ಲಿ ಇಂಥ 108 ರೋಗಿಗಳ ವಿವರ ಪ್ರಕಟಿಸಿದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ಅಧ್ಯಯನ ಹೊರತಂದರು. ಹುಡುಗಿಯರಿಗಿಂತ ಹುಡುಗರಲ್ಲಿ ಇದು ಹೆಚ್ಚು.

ಕಾರಣದ ಒಂದು ಪಾಲು ನಮ್ಮ ಜಳಕದ ಪದ್ಧತಿಯಲ್ಲಿದೆ. 40ರಿಂದ 50 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರನ್ನು ತಂಬಿಗೆಯಿಂದ ಒಂದರ ಹಿಂದೊಂದರಂತೆ ಬೇಗಬೇಗ ತಲೆಯ ಮೇಲೆ ಸುರಿದುಕೊಳ್ಳುತ್ತೇವೆ. ಸಾವಿರಾರು ಜನರಿಗೆ ಇದರಿಂದ ಏನೂ ಆಗದು. ಆ ಗುಣವುಳ್ಳ ಮಿದುಳಿಗೆ ಮಾತ್ರ ಇದು ಕಿಡಿಯಾಗುತ್ತದೆ.

ನಮ್ಮ ಮಿದುಳಿನ ನರಕೋಶಗಳು ಅತಿ ಸಣ್ಣ ವಿದ್ಯುತ್ ಸಂಕೇತಗಳ ಮೂಲಕ ಮಾತಾಡಿಕೊಳ್ಳುತ್ತವೆ. 1929ರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್ ಈ ವಿದ್ಯುತ್ತನ್ನು ತಲೆಯ ಹೊರಗಿನಿಂದಲೇ ಅಳೆದು ಪ್ರಕಟಿಸಿದ. ಇಂದಿನ ಇ.ಇ.ಜಿ. ಪರೀಕ್ಷೆಗೆ ಅದೇ ಮೂಲ. ತರಗತಿಯಲ್ಲಿ ಒಬ್ಬೊಬ್ಬರಾಗಿ ಉತ್ತರ ಹೇಳಿದರೆ ಪಾಠ ನಡೆಯುತ್ತದೆ. ಎಲ್ಲರೂ ಒಮ್ಮೆಲೇ ಕೂಗಿದರೆ ಗದ್ದಲ. ಅನೇಕ ನರಕೋಶಗಳು ಒಮ್ಮೆಲೇ ಮಿಡಿದಾಗ ಆಗುವ ಗದ್ದಲವೇ ಫಿಟ್ಸ್. ಕೆಲವರು ಬಿದ್ದು ಕೈಕಾಲು ಸೆಟೆಯುತ್ತಾರೆ. ಕೆಲವರು ಕೆಲಹೊತ್ತು ಶೂನ್ಯದೃಷ್ಟಿಯಿಂದ ನೋಡುತ್ತಾ ಮಾತಾಡಿಸಿದರೂ ಉತ್ತರಿಸುವುದಿಲ್ಲ. ಇದು ಅಂಟುರೋಗವಲ್ಲ, ಹುಚ್ಚೂ ಅಲ್ಲ.

ಬಣವೆ ಮತ್ತು ಕಿಡಿ

ರೋಗ ಬೇರೆ, ಅದನ್ನು ಕೆರಳಿಸುವ ಸಂದರ್ಭ ಬೇರೆ. ಒಣಗಿದ ಬಣವೆಯಿದ್ದಲ್ಲಿ ಕಿಡಿ ಬೀಳದಂತೆ ನೋಡಿಕೊಳ್ಳುತ್ತೇವಲ್ಲ, ಹಾಗೆ. ಬಿಸಿನೀರು ಒಂದು ಕಿಡಿ ಮಾತ್ರ. ಎಲ್ಲಕ್ಕಿಂತ ಸಾಮಾನ್ಯವಾದದ್ದು ಔಷಧ ತಪ್ಪಿಸುವುದು. ಎರಡನೆಯದು ನಿದ್ದೆಗೇಡು. ಪರೀಕ್ಷೆಯ ಹಿಂದಿನ ರಾತ್ರಿ ಬೆಳಗಿನವರೆಗೆ ಓದುವುದು, ಜಾತ್ರೆಯಲ್ಲಿ ಇಡೀ ರಾತ್ರಿ ಬಯಲಾಟ ನೋಡುವುದು ಈ ಮಕ್ಕಳಿಗೆ ಸಲ್ಲದು. ಜ್ವರ, ತೀರ ಹಸಿದಿರುವುದು, ಮನಸ್ಸಿನ ಒತ್ತಡ ಕೆಲವರಿಗೆ ಕಿಡಿಯಾಗುತ್ತವೆ. ಮಿಣುಕುವ ಬೆಳಕು ಕಾಡುವುದು ಸ್ವಲ್ಪ ಜನರಿಗೆ ಮಾತ್ರ.

ನಿಮ್ಮ ಮಗುವಿನ ಕಿಡಿ ಯಾವುದು? ಅದನ್ನು ಹುಡುಕಲು ನೂರು ಪುಟದ ಒಂದು ನೋಟ್‌ಬುಕ್ಕು ಸಾಕು. ಫಿಟ್ಸ್ ಬಂದ ದಿನಾಂಕ, ವಾರ, ವೇಳೆ, ಎಷ್ಟು ನಿಮಿಷ ಇತ್ತು, ಹಿಂದಿನ ರಾತ್ರಿಯ ನಿದ್ದೆ, ಊಟ, ಗುಳಿಗೆ ತಪ್ಪಿತ್ತೇ, ಜಳಕ ಮಾಡಿದ್ದನೇ, ಇಷ್ಟನ್ನು ಬರೆಯಿರಿ. ಸಾಧ್ಯವಾದರೆ ಮೊಬೈಲ್‌ನಲ್ಲಿ ಚಿತ್ರಿಸಿಕೊಳ್ಳಿ. ವೈದ್ಯರು ಸಾಮಾನ್ಯವಾಗಿ ಫಿಟ್ಸನ್ನು ಕಣ್ಣಾರೆ ನೋಡುವುದಿಲ್ಲ, ನೋಡುವವರು ನೀವು. ಆದರೆ ಪರೀಕ್ಷಿಸಿ ನೋಡೋಣವೆಂದು ಮನೆಯಲ್ಲಿ ಮಗುವಿನ ಮೇಲೆ ಪ್ರಯೋಗ ಮಾಡಬೇಡಿ.

ಬಿಸಿನೀರಿನ ಅಪಸ್ಮಾರಕ್ಕೆ ಮೊದಲ ಉಪಾಯ ನೀರಿನ ಬಿಸಿ ಇಳಿಸುವುದು. ಉಗುರುಬೆಚ್ಚಗಿನ ನೀರಾಗಲಿ, ತಲೆಗೆ ಸುರಿಯುವ ಬದಲು ಒದ್ದೆ ಬಟ್ಟೆಯಿಂದ ಒರೆಸಿದರೂ ನಡೆದೀತು. ಕೆಲವರಿಗೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮೊದಲು ನುಂಗುವ ಗುಳಿಗೆಯನ್ನು ವೈದ್ಯರು ಕೊಡುತ್ತಾರೆ. ಕೆಲವರಲ್ಲಿ ಮುಂದೆ ಜಳಕವಿಲ್ಲದೆಯೂ ಫಿಟ್ಸ್ ಬರಬಹುದಾದ್ದರಿಂದ ದಿನನಿತ್ಯದ ಔಷಧ ಬೇಕಾಗುತ್ತದೆ. ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಬಾರದು. ಹೊಳೆ, ಬಾವಿಗಳಿಗೆ ಈ ಮಕ್ಕಳು ಒಬ್ಬರೇ ಹೋಗಲೇಬಾರದು. ಆ ಹುಡುಗನನ್ನು ಹೊಳೆಯ ಜಳಕಕ್ಕೆ ಒಯ್ಯುತ್ತಿದ್ದದ್ದು ನೆನೆದರೆ ನನಗೆ ಈಗಲೂ ಎದೆ ನಡುಗುತ್ತದೆ.

ಫಿಟ್ಸ್ ಬಂದಾಗ

ವಿದ್ಯಾರ್ಥಿಗಳೇ, ನಿಮ್ಮ ಗೆಳೆಯ ತರಗತಿಯಲ್ಲಿ ಬಿದ್ದರೆ ಹೆದರಬೇಡಿ. ಬೆಂಚು, ಕಲ್ಲು ತಾಗದಂತೆ ಸರಿಸಿ. ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿ. ಕೊರಳ ಗುಂಡಿ ಸಡಿಲಿಸಿ. ಒಂದು ಮಗ್ಗುಲಿಗೆ ಹೊರಳಿಸಿದರೆ ಜೊಲ್ಲು ಹೊರಗೆ ಹರಿದು ಉಸಿರಾಟ ಸುಗಮವಾಗುತ್ತದೆ. ಗಡಿಯಾರ ನೋಡಿಕೊಳ್ಳಿ. ಕೈಗೆ ಕಬ್ಬಿಣದ ಕೀಲಿಕೈ ಕೊಡುವುದು, ಉಳ್ಳಾಗಡ್ಡಿ ಅಥವಾ ಚಪ್ಪಲಿ ಮೂಸಿಸುವುದು ಉಪಯೋಗವಿಲ್ಲದ ಕೆಲಸ. ಬಾಯಿಯಲ್ಲಿ ಚಮಚ, ಬಟ್ಟೆ ತುರುಕುವುದು, ನೀರು ಹಾಕುವುದು ಅಪಾಯ. ಕೈಕಾಲು ಅದುಮಿ ಹಿಡಿಯಬೇಡಿ. ಐದು ನಿಮಿಷ ಮೀರಿದರೆ, ಎಚ್ಚರವಾಗುವ ಮೊದಲೇ ಮತ್ತೊಂದು ಬಂದರೆ, ನೀರಿನಲ್ಲಿ ಬಿದ್ದಿದ್ದರೆ ಕೂಡಲೇ 108ಕ್ಕೆ ಕರೆ ಮಾಡಿಸಿ. ಎಚ್ಚರವಾದ ಮೇಲೆ ಸುತ್ತ ನಿಂತು ನೋಡದೆ ಒಬ್ಬರು ಜೊತೆಗಿದ್ದರೆ ಸಾಕು.

ಪಾಲಕರಲ್ಲಿ ಒಂದು ಮಾತು. ಮದುವೆ ನಿಂತೀತೆಂಬ ಅಂಜಿಕೆಯಿಂದ, ಅದರಲ್ಲೂ ಹೆಣ್ಣುಮಕ್ಕಳ ವಿಷಯದಲ್ಲಿ, ಅನೇಕರು ರೋಗ ಮುಚ್ಚಿಡುತ್ತಾರೆ. ಮುಚ್ಚಿಟ್ಟಲ್ಲಿ ಗುಳಿಗೆಯೂ ತಪ್ಪುತ್ತದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯೆಂದು ಸೇರಿದ್ದ ಅಪಸ್ಮಾರದ ಹೆಸರನ್ನು 1999ರ ತಿದ್ದುಪಡಿ ತೆಗೆದುಹಾಕಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸರಿಯಾದ ಚಿಕಿತ್ಸೆ ಸಿಕ್ಕರೆ ನೂರಕ್ಕೆ 70ರಷ್ಟು ಜನ ಫಿಟ್ಸ್ ಇಲ್ಲದೆ ಬದುಕಬಹುದು. ಬರುವುದು ನಿಂತಿತೆಂದು ನೀವಾಗಿ ಔಷಧ ನಿಲ್ಲಿಸಬೇಡಿ. ವೈದ್ಯರೇ ಮೆಲ್ಲಗೆ ಇಳಿಸಬೇಕು.

ಆ ಹುಡುಗ ಎಸ್.ಎಸ್.ಎಲ್.ಸಿ. ಮುಗಿಸುವವರೆಗೆ ಸೋಮವಾರದ ಹಾಜರಿ ಮತ್ತೆ ತಪ್ಪಲಿಲ್ಲ. ಅವನ ತಾಯಿ ಒಮ್ಮೆ ಸಂತೆಯಲ್ಲಿ ಸಿಕ್ಕಾಗ, “ಈಗ ಮೊದಲ ನಾನ ಕೈ ಅದ್ದಿ ನೋಡತೀನ್ರಿ ಸರ್, ಆಮ್ಯಾಲ ತಂಬಿಗಿ ಕೊಡತೀನಿ” ಎಂದರು. ನಾನು ಗದರಿಸಿದ್ದಕ್ಕೆ ಹುಡುಗನ ಹತ್ತಿರ ಅಂದೇ ತಪ್ಪೊಪ್ಪಿಕೊಂಡಿದ್ದೆ. ಆ ಬಳಿಕ ಯಾವ ಮಗು ಮಂಕಾಗಿ ಕೂತರೂ ಗದರಿಸುವ ಮೊದಲು ಕಾರಣ ಕೇಳುತ್ತೇನೆ.