ಗೋಡೆಯ ಆಚೆಗಿನ ಒಸರು

ನೀರಿಗೆ ಅಂಜುವುದೆಂದರೆ ಹೊಳೆಗೆ ಅಂಜುವುದೆಂದೇ ನಮ್ಮ ಸೀಮೆಯವರ ತಿಳಿವಳಿಕೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದಾಗ ನದೀತೀರದ ಹಳ್ಳಿಗಳವರು ದನಕರು, ಗಂಟುಮೂಟೆಗಳೊಡನೆ ಎತ್ತರದ ನೆಲವನ್ನು ಅರಸಿ ಹೊರಟುದನ್ನು ಕಂಡವರಿಗೆ ಈ ಅಂಜಿಕೆ ಸಹಜವೇ ಸರಿ. ತೇರದಾಳದಲ್ಲಿರುವ ನಮ್ಮ ಹಳೆಯ ಮನೆಯ ಹೊಸ್ತಿಲನ್ನು ಆ ನೀರು ಮುಟ್ಟಲಿಲ್ಲ. ಅದಾದ ಕೆಲವು ವರ್ಷಗಳ ತರುವಾಯ ಅಡಿಗೆಮನೆಯ ಮೂಲೆಯಲ್ಲಿ ಹುಟ್ಟಿದ ಒಂದು ಒಸರು ಮಾತ್ರ, ನೆರೆ ಮಾಡದ ಹಾನಿಯನ್ನು ಮಾಡಿತು.

ನನ್ನ ತಾಯಿಯವರು ಅರುವತ್ತು ವರ್ಷ ಮುಸುರೆ ತಿಕ್ಕಿದವರು. ಅವರ ಬೆರಳ ಗೆಣ್ಣುಗಳು ಬಾತುಕೊಂಡ ಮೇಲೆ ಪಾತ್ರೆ ತೊಳೆಯುವ ಯಂತ್ರವೊಂದನ್ನು ಮನೆಗೆ ತಂದೆವು. ಅಮೆರಿಕದ ಜೋಸೆಫೀನ್ ಕೊಕ್ರೇನ್ ಎಂಬ ಮಹಿಳೆ 1886ರಲ್ಲಿ ಹಕ್ಕುಪತ್ರ ಪಡೆದ ಯಂತ್ರದ ವಂಶದ್ದು ಅದು. ಅದನ್ನು ಇರಿಸಿದ್ದು ಅಡಿಗೆಮನೆಯ ಮಣ್ಣಗೋಡೆಗೆ ಒತ್ತಿ. ಆ ಗೋಡೆಯ ಆಚೆಗೆ, ನಡುಮನೆಯಲ್ಲಿ, ನಮ್ಮ ತಂದೆಯವರ ಟ್ರಂಕು ಇತ್ತು.

ಮೊದಲು ಬಂದುದು ವಾಸನೆ. ಬಳಿಕ ಗೋಡೆಯ ಬುಡದಲ್ಲಿ ಉಪ್ಪು ಬಿಳಿಯ ಹೂವಿನಂತೆ ಅರಳಿತು. ಮಳೆಗಾಲದ ತಂಪೆಂದು ನಾನು ಸುಣ್ಣ ಬಳಿಸಿದೆ. ಹದಿನೈದು ದಿನಗಳಲ್ಲಿ ಸುಣ್ಣ ಹಕ್ಕಳೆಯಾಗಿ ಉದುರಿತು. ಅವ್ವ ಮೂಲೆಯಲ್ಲಿ ಕುಳಿತು ನೋಡುತ್ತಿದ್ದವರು, ‘ನೀರು ಕಂಡಲ್ಲಿ ನೋಡಬ್ಯಾಡಪಾ, ಎಲ್ಲಿಂದ ಬರತೈತಿ ಅಲ್ಲಿ ನೋಡು’ ಎಂದರು. ಆ ಮಾತನ್ನು ನಾನು ಒಂದು ವಾರ ತಡವಾಗಿ ಕೇಳಿದೆ.

ಇಂಥ ಯಂತ್ರ ಸೋರಿದಾಗ ಮಾಡತಕ್ಕ ಮೊದಲ ಕೆಲಸ ವಿದ್ಯುತ್ತಿನ ಮುಖ್ಯ ಗುಂಡಿಯನ್ನು ಆರಿಸುವುದು. ಒದ್ದೆ ನೆಲದ ಮೇಲೆ ನಿಂತು ಯಂತ್ರವನ್ನು ಮುಟ್ಟಲಾಗದು. ಎರಡನೆಯದು, ಅದಕ್ಕೆ ನೀರುಣಿಸುವ ನಲ್ಲಿಯನ್ನು ಮುಚ್ಚುವುದು. ಆಮೇಲೆ ವಿಚಾರ. ಯಂತ್ರ ನಡೆಯುವಾಗ ಮಾತ್ರ ನೆಲ ತೊಯ್ದರೆ ಬಾಗಿಲಿನ ರಬ್ಬರು ಪಟ್ಟಿಯನ್ನೋ ಕೊಳೆನೀರಿನ ಕೊಳವೆಯನ್ನೋ ಸಂಶಯಿಸಬೇಕು. ಯಂತ್ರ ನಿಂತಾಗಲೂ ನೀರು ಜಿನುಗುತ್ತಿದ್ದರೆ, ಸದಾ ಒತ್ತಡದಲ್ಲಿರುವ ಒಳಬರುವ ಕೊಳವೆಯನ್ನು ಮೊದಲು ನೋಡಬೇಕು. ನಮ್ಮದು ಎರಡನೆಯ ಬಗೆ. ಕೊಳವೆಯ ಕೀಲಿನಲ್ಲಿ ಕ್ಷಣಕ್ಕೊಂದು ಹನಿ ಬೀಳುತ್ತಿತ್ತು. ಇಪ್ಪತ್ತು ಹನಿಗೆ ಒಂದು ಮಿಲಿಲೀಟರೆಂದು ಹಿಡಿದರೂ ದಿನಕ್ಕೆ 4 ಲೀಟರಿಗೆ ಮಿಕ್ಕಿದ ನೀರು! ತಿಂಗಳಿಗೆ ಎಷ್ಟು ಕೊಡವಾಯಿತೆಂಬುದನ್ನು ವಾಚಕರೇ ಎಣಿಸಿಕೊಳ್ಳಬಹುದು.

ಆ ನೀರೆಲ್ಲ ಫರಸಿಯ ಸಂದುಗಳಲ್ಲಿ ಇಳಿದು ಗೋಡೆಯನ್ನು ಸೇರಿತ್ತು. ಗೋಡೆ ನೋಡಲು ಬಂದ ವೃದ್ಧ ಗೌಂಡಿ ಸಿಮೆಂಟಿನ ಮಾತೆತ್ತಿದೊಡನೆ ತಲೆಯಾಡಿಸಿದ. ಸಿಮೆಂಟು ಮೆತ್ತಿದರೆ ಮಣ್ಣಗೋಡೆಯೊಳಗಿನ ತೇವಕ್ಕೆ ಹೊರಬರಲು ದಾರಿಯಿರುವುದಿಲ್ಲ. ಸುಣ್ಣದ ಗಾರೆಯಾದರೆ ಗೋಡೆ ಉಸಿರಾಡುತ್ತದೆ. ಎರೆಭೂಮಿಯ ಗುಣವೂ ಇದಕ್ಕೆ ಕೂಡುತ್ತದೆ. ಎರೆಮಣ್ಣು ನೀರುಂಡಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಅದರ ಮೇಲಿನ ಗೋಡೆಯೂ ಬಿರಿಯುತ್ತದೆ. ಆದುದರಿಂದ ಹಾಳಾದ ಗಿಲಾವನ್ನು ಕೆರೆದು, ಎರಡು ತಿಂಗಳು ಬಯಲುಗಾಳಿಗೆ ಬಿಟ್ಟು, ಆಮೇಲೆಯೇ ಗಾರೆ ಮಾಡಿಸಿದೆವು.

ಗೋಡೆಯನ್ನು ಮತ್ತೆ ಕಟ್ಟಬಹುದು. ಟ್ರಂಕಿನೊಳಗಿನದನ್ನು ಹೇಗೆ ಕಟ್ಟುವುದು? ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದ ನಮ್ಮ ತಂದೆಯವರು ಸುತ್ತಲಿನ ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ಬೀಸುವ ಪದಗಳ ಹನ್ನೊಂದು ನೋಟುಪುಸ್ತಕಗಳು ಅದರಲ್ಲಿದ್ದವು. ತಳದ ನಾಲ್ಕು ತೊಯ್ದು ಹಲಗೆಯಂತೆ ಅಂಟಿಕೊಂಡಿದ್ದವು. ಮಸಿ ಕರಗಿ ಪುಟಗಳು ನೀಲಿಯಾಗಿದ್ದವು. ಅಂಚಿಗೆ ಬೂಷ್ಟು ಹಿಡಿದಿತ್ತು.

1966ರ ನವೆಂಬರ್ 4ರಂದು ಇಟಲಿಯಲ್ಲಿ ಆರ್ನೋ ನದಿ ಫ್ಲಾರೆನ್ಸ್ ನಗರವನ್ನು ಹೊಕ್ಕು ಅಲ್ಲಿಯ ರಾಷ್ಟ್ರೀಯ ಗ್ರಂಥಾಲಯದ ಅಸಂಖ್ಯ ಪುಸ್ತಕಗಳನ್ನು ಕೆಸರಿನಲ್ಲಿ ಅದ್ದಿದಾಗ, ಹಲವು ದೇಶಗಳ ತರುಣರು ಓಡಿಬಂದು ಅವನ್ನು ಎತ್ತಿದರು. ಪುಟಗಳ ನಡುವೆ ಹೀರುಕಾಗದವಿಟ್ಟು ಒಣಗಿಸಿದರು. ಒದ್ದೆ ಗ್ರಂಥವನ್ನು ಉಳಿಸುವ ವಿದ್ಯೆ ಆ ಆಪತ್ತಿನಿಂದ ಬಹುವಾಗಿ ಬೆಳೆಯಿತು. ಬಿಸಿಲಿಗೆ ಹಾಕಿದರೆ ಕಾಗದ ಸೊಟ್ಟಗಾಗುತ್ತದೆ. ನೆರಳೂ ಗಾಳಿಯೂ ಬೇಕು. ಅಂಟಿದ ಹಾಳೆಗಳನ್ನು ಬಲವಂತವಾಗಿ ಬಿಡಿಸಬಾರದು. ತೊಯ್ದ ಎರಡು ದಿನಗಳೊಳಗೆ ಬೂಷ್ಟು ತಲೆಯೆತ್ತಬಹುದಾದ್ದರಿಂದ, ಒಡನೆ ಒಣಗಿಸಲಾಗದ ಪುಸ್ತಕವನ್ನು ಶೀತಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿಸಿಟ್ಟು ಬಿಡುವಾದಾಗ ಬಿಡಿಸುವುದೂ ಉಂಟು. ಇದೆಲ್ಲ ನನಗೆ ತಿಳಿದಿತ್ತು. ತಿಳಿದೂ ಒಂದು ತಿಂಗಳು ಗೋಡೆಗೆ ಸುಣ್ಣ ಬಳಿಸುತ್ತಿದ್ದೆ.

ನಮ್ಮೂರ ನೇಮಿನಾಥ ಬಸದಿಯ ಶಾಸನ 12ನೆಯ ಶತಮಾನದ್ದು. ಗೊಂಕನೆಂಬ ಮಾಂಡಲಿಕನ ಹೆಸರನ್ನು ಆ ಕಲ್ಲು ಇಂದಿಗೂ ಹಿಡಿದಿದೆ. ಬೀಸುವ ಕಲ್ಲಿನ ಮುಂದೆ ಹಾಡಿದವರ ಮಾತಿಗೆ ಅಂಥ ಕಲ್ಲು ದೊರೆಯಲಿಲ್ಲ. ದೊರೆತದ್ದು ಶಾಲೆಯ ಅಗ್ಗದ ಕಾಗದ.

ಪಡಸಾಲೆಯಲ್ಲಿ ಹಾಳೆಗಳನ್ನು ಹರಡಿ ಕುಳಿತಿದ್ದಾಗ, ಮಸುಕಾದ ಒಂದು ಪದದ ಮೊದಲ ನುಡಿಯನ್ನು ಓದಿ ನಿಂತೆ. ಮುಂದಿನದು ಕಾಣಿಸಲಿಲ್ಲ. ಅವ್ವ ಅಲ್ಲಿಂದಲೇ ಮುಂದುವರಿಸಿದರು. ಇನ್ನೊಂದನ್ನು ಓದಿದೆ, ಅದನ್ನೂ ಹೇಳಿದರು. ‘ನಿಮಗೆ ಹೇಗೆ ಗೊತ್ತು?’ ಎಂದರೆ, ‘ನಿಮ್ಮಪ್ಪಗ ಹೇಳಿದಾಕಿ ನಾನs ಅಲ್ಲೇನು?’ ಎಂದು ನಕ್ಕರು. ಆ ಪುಸ್ತಕಗಳಲ್ಲಿ ಎಲ್ಲಿಯೂ ಅವರ ಹೆಸರಿರಲಿಲ್ಲ.

ಈಗ ಪ್ರತಿ ಸಂಜೆ ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ. ಯಂತ್ರ ಗೋಡೆಯಿಂದ ಒಂದು ಗೇಣು ಈಚೆಗೆ ಬಂದಿದೆ. ಕೆಲಸ ಮುಗಿದೊಡನೆ ಅದರ ನಲ್ಲಿಯನ್ನು ಮುಚ್ಚುತ್ತೇವೆ. ಹೊಸ ಪುಸ್ತಕವನ್ನು ಎತ್ತರದ ಮಾಡದಲ್ಲಿಟ್ಟಿದ್ದೇನೆ. ಅದರ ಮೊದಲ ಪುಟದಲ್ಲಿ ಅವ್ವನ ಹೆಸರಿದೆ.